ತಿರುವಿನಲ್ಲಿ ಕಾಲೆತ್ತದ ಮೋನಮ್ಮ

ಇದು ಎಷ್ಟು ಹಿಂದಿನ ಮಾತೋ, ವರ್ಷ ಹೇಳುವವರು ಈಗ ಯಾರೂ ಉಳಿದಿಲ್ಲ. ಕೆಂಪು ಮಣ್ಣಿನ ಗುಡ್ಡದ ನೆತ್ತಿಯ ಮೇಲೆ ಕಿಟ್ಟದಹಾಳ ಎಂಬ ಒಂದು ಊರಿತ್ತು. ಆ ಊರಲ್ಲಿ ಮೋನಮ್ಮ ಎಂಬ ಕಮ್ಮಾರ ಹೆಂಗಸು ಇದ್ದಳು. ಗಂಡ ಸತ್ತ ಮೂರನೇ ದಿನಕ್ಕೇ ಕುಲುಮೆಗೆ ಬೆಂಕಿ ಹಾಕಿದವಳು ಅಂತಾರೆ. ಎತ್ತು ಕೆಡವಿ ಲಾಳ ಕಟ್ಟಲು ಅವಳಿಗೆ ಇನ್ನೊಬ್ಬರ ಕೈ ಬೇಡವಾಗಿತ್ತು. ಹುಲಿ ತಂದುಕೊಟ್ಟಿದ್ದರೂ ಕೆಡವಿ ಲಾಳ ಕಟ್ಟುತ್ತಿದ್ದಳು ಅಂತಾರೆ. ಅದನ್ನು ನೀವು ಅರ್ಧ ನಂಬಿದರೆ ಸಾಕು.

ಗುಡ್ಡ ಇಳಿಯುವ ದಾರಿ ಒಂದೇ. ಆ ದಾರಿಯ ನಡುವೆ ಬಳೆಯ ಹಾಗೆ ಬಾಗಿದ ಒಂದು ತಿರುವು. ತಿರುವಿನ ಒಳಬದಿಗೆ ಗಾಳೆಮ್ಮನ ಗುಡಿ, ಹೊರಬದಿಗೆ ಕಣಿವೆ. ಯಾವ ಗಾಡಿಯೇ ಆಗಲಿ, ಗುಡಿಯ ಎದುರಿಗೆ ಬಂದಾಗ ನಿಧಾನ ಮಾಡಬೇಕು, ಕೈ ಮುಗಿಯಬೇಕು. ಚಕ್ಕಡಿಯವರೂ ಅಷ್ಟೆ, ಅದಿರಿನ ಲಾರಿಯವರೂ ಅಷ್ಟೆ.

ಗುಡ್ಡದಲ್ಲಿದ್ದ ಅದಿರಿನ ಗಣಿಯ ಇಂಗ್ಲಿಷ್ ಇಂಜಿನಿಯರ್ ತನ್ನ ದೇಶದಿಂದ ಹಡಗಿನಲ್ಲಿ ಒಂದು ಕಾರು ತರಿಸಿದ್ದ. ಎರಡೇ ಸೀಟು, ಮೇಲೆ ಸೂರಿಲ್ಲ, ಉದ್ದ ಮೂತಿ, ಹಸಿರು ಬಣ್ಣ. ಕೂತರೆ ಕುಂಡೆಗೂ ನೆಲಕ್ಕೂ ಒಂದು ಗೇಣು. ದೊರೆ ಒಳ್ಳೆಯವನು. ಅಡಿಗೆಯವನು ಹೇಳಿಕೊಟ್ಟಿದ್ದನೆಂದು ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟೋಪಿ ಎತ್ತಿ ಅಮ್ಮನಿಗೆ ನಮಸ್ಕಾರ ಮಾಡಿದ. ಕಾರು ಬುಗುರಿಯ ಹಾಗೆ ತಿರುಗಿ ಮಗುಚಿತು. ದೊರೆ ಮುರಿದ ಕೈ ಕಟ್ಟಿಸಿಕೊಂಡು ಊರು ಬಿಟ್ಟ. ಆಮೇಲೆ ಅದನ್ನು ಕೊಂಡ ಕಂಟ್ರಾಕ್ಟರ್ ಕರಿಬಸಪ್ಪನೂ ಅಲ್ಲೇ ಕಾಲು ತೆಗೆದ, ಅಲ್ಲೇ ಕೈ ಮುಗಿದ, ಅಲ್ಲೇ ಮಗುಚಿದ.

ಗಾಳೆಮ್ಮನ ಪೂಜಾರಿ ಹುಲುಗಪ್ಪ ತೀರ್ಪು ಕೊಟ್ಟ. ಈ ಗಾಡಿ ಅಮ್ಮನಿಗೆ ಬೇಡವಾದದ್ದು, ಇನ್ನು ಗುಡ್ಡ ಇಳಿಯಕೂಡದು ಎಂದ. ಕರಿಬಸಪ್ಪ ಅದನ್ನು ಎತ್ತು ಕಟ್ಟಿ ಎಳೆಸಿ, ಒಡೆದು ಕುಡುಗೋಲು ಮಾಡಿಕೋ ಎಂದು ಮೋನಮ್ಮನ ಅಂಗಳದಲ್ಲಿ ಬಿಟ್ಟುಹೋದ.

ಮೋನಮ್ಮ ಸುತ್ತಿಗೆ ಎತ್ತಿದಳು, ಇಳಿಸಿದಳು. ಕೆಲಸ ಬಲ್ಲವರು ಮಾಡಿದ ವಸ್ತು, ಒಡೆಯಲು ಕೈ ಬರಲಿಲ್ಲ. ಹಾರೆ ಕೊಟ್ಟು ಅದರ ಬಾಲ ಎತ್ತಿ ನೋಡಿದಳು. ಬಾಲ ಮೇಲೇಳುತ್ತಲೇ ಹಿಂದಿನ ಗಾಲಿ ಎರಡೂ, ಮಲಗುವ ಎತ್ತಿನ ಗೊರಸಿನ ಹಾಗೆ, ಅಡಿಯಲ್ಲಿ ಒಳಕ್ಕೆ ಮಡಚಿಕೊಂಡವು. ಇಳಿಸಿದಳು, ನೆಟ್ಟಗಾದವು. ಮತ್ತೆ ಎತ್ತಿದಳು, ಮತ್ತೆ ಮಡಚಿದವು. ಲಾರಿಯ ಗಾಲಿ ಹೀಗೆ ಮಡಚುವುದಿಲ್ಲ. ಹಾಗಾದರೆ ಓಡುವಾಗ ಇದರ ಬಾಲ ಎತ್ತುವವರು ಯಾರು?

ಅದನ್ನು ತಿಳಿಯಲು ಕಾರು ರಿಪೇರಿ ಮಾಡಿ, ಒಕ್ಕಣೆ ಮುಗಿದ ಕಣದಲ್ಲಿ ನಡುವಿನ ಮೇಟಿ ಕಂಬದ ಸುತ್ತ ತಿರುಗಿಸಿದಳು. ಎಂಟು ಸಲ ಹುಲ್ಲಿನ ಬಣವೆಗೆ ನುಗ್ಗಿದಳು ಅಂತಾರೆ. ನೂರೆಂಟು ಅನ್ನುವವರೂ ಇದ್ದಾರೆ. ಕೊನೆಗೆ ಅವಳ ಬಲಗಾಲಿಗೆ ತಿಳಿಯಿತು. ತಿರುಗುವಾಗ ಕಾಲು ತೆಗೆದರೆ ಕಾರು ಮೂತಿ ಬಗ್ಗಿಸುತ್ತದೆ, ಬಾಲ ಎತ್ತುತ್ತದೆ, ಗಾಲಿ ಮಡಚುತ್ತದೆ. ತಿರುವಿಗೆ ಮೊದಲೇ ನಿಧಾನ ಮಾಡಿ, ಒಳಹೊಕ್ಕ ಮೇಲೆ ಕಾಲು ಒತ್ತಿಯೇ ಇಟ್ಟರೆ ಬಾಲ ಕುಳಿತಿರುತ್ತದೆ.

ಹೋಗಿ ಪೂಜಾರಿಗೆ ಹೇಳಿದಳು. ಅವನು ಕೆಂಡವಾದ.

“ಅಮ್ಮನ ಎದುರಿಗೆ ಕಾಲು ಒತ್ತಿ ಹೋಗ್ತೀಯೇನ? ಎಂಥಾ ಸೊಕ್ಕಿನಾಕಿ!”

“ಸೊಕ್ಕಲ್ಲೋ ಪೂಜಾರಿ, ಕಬ್ಬಿಣದ ಗುಣ.”

ಅಲ್ಲಿಗೆ ಮಾತು ಮುರಿಯಿತು. ಕಾರು ಕಣದಲ್ಲೇ ಸುತ್ತುತ್ತಿತ್ತು. ಹುಚ್ಚು ಮೋನಿ ಗಾಳಿ ಒಕ್ಕುತ್ತಾಳೆ ಎಂದು ಊರು ನಗುತ್ತಿತ್ತು.

ಒಂದು ದಿನ ನಡು ಮಧ್ಯಾಹ್ನ ಹುಲುಗಪ್ಪ ಹೆಂಡತಿ ತಿಪ್ಪವ್ವನನ್ನು ಹೊತ್ತುಕೊಂಡು ಕುಲುಮೆಯ ಮುಂದೆ ಬಂದು ನಿಂತ. ಹುಲ್ಲು ಕೊಯ್ಯುವಾಗ ಮಂಡಲದ ಹಾವು ಕಚ್ಚಿತ್ತು. ಕಾಲು ಊದಿ ಕಂಬವಾಗಿತ್ತು. ಲಾರಿಗಳೆಲ್ಲ ಇಳಿದುಹೋಗಿದ್ದವು. ಚಕ್ಕಡಿಯಲ್ಲಿ ಹೋದರೆ ಕೆಳಗಿನ ಪೇಟೆಯ ಆಸ್ಪತ್ರೆ ಮುಟ್ಟಲು ಹೊತ್ತು ಮುಳುಗುತ್ತದೆ. ಅಷ್ಟರಲ್ಲಿ ಅವಳೂ ಮುಳುಗುತ್ತಾಳೆ. ಮೋನಮ್ಮ ಅಂಗಳದಲ್ಲಿದ್ದ ಕಾರು ಹತ್ತಿ ಚಾಲೂ ಮಾಡಿದಳು.

“ಕೂಡ್ಸು” ಅಂದಳು.

“ನಾನೂ ಬರ್ತೀನಿ.”

“ಎಲ್ಲಿ ಕೂಡ್ತಿ? ನನ್ನ ತಲಿ ಮ್ಯಾಲ?”

ಹುಲುಗಪ್ಪ ಕಾರಿನ ಬಾಗಿಲು ಹಿಡಿದುಕೊಂಡ. “ಅಮ್ಮಗ ಕೈ ಎತ್ತೇ ಹೋಗ್ತೀನಂತ ಅಡಿಗಲ್ಲು ಮುಟ್ಟಿ ಹೇಳು ಮೋನವ್ವ.”

ಕಮ್ಮಾರರಿಗೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಆಣೆಗಿಂತ ದೊಡ್ಡ ಆಣೆ ಇಲ್ಲ. ಅವಳು ಇಳಿದು ಹೋಗಿ ಮುಟ್ಟಿ ಬಂದಳು.

“ಕೈ ಎತ್ತತೀನಿ. ಕಾಲು ಎತ್ತಂಗಿಲ್ಲ. ಬಾಗಲಾ ಬಿಡು.”

ಕಾರು ಇಳಿಯಿತು. ಗುಡ್ಡದ ಅಂಚಿಗೆ ನಿಂತರೆ ತಿರುವು ಕಾಣುತ್ತದೆ. ಊರೆಲ್ಲ ಅಲ್ಲಿ ನಿಂತಿತು. ತಿರುವಿಗೆ ಮೊದಲೇ ಮೋನಮ್ಮ ಬ್ರೇಕ್ ಒತ್ತಿ ನಿಧಾನ ಮಾಡಿದಳು, ಆಮೇಲೆ ಆಕ್ಸಿಲರೇಟರ್ ಮೇಲೆ ಕಾಲೂರಿ ಒಳಹೊಕ್ಕಳು. ಗುಡಿ ಕಂಡದ್ದೇ ತಿಪ್ಪವ್ವ ಎಚ್ಚರ ತಪ್ಪಿದ ಬಾಯಲ್ಲೇ “ನಿಧಾನ, ಅಮ್ಮ ಅದಾಳ” ಎಂದು ಕನವರಿಸಿದಳು. ಆಗ ಮೋನಮ್ಮನ ಕಾಲೇ ಏಳಲು ನೋಡಿತು ಅಂತಾರೆ. ಹುಟ್ಟಿದಾಗಿನಿಂದ ಅಲ್ಲಿ ನಿಂತು ಕೈ ಮುಗಿದ ಮೈ ಅದು. ಕಣದಲ್ಲಿ ಗಾಳೆಮ್ಮ ಇರಲಿಲ್ಲ; ಇಲ್ಲಿ ಬೆಳ್ಳಿಯ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ತಪ್ಪಾದರೆ ಕ್ಷಮಿಸು ತಾಯಿ ಎಂದುಕೊಂಡು ಎಡಗೈ ಹಣೆಗೆ ಒಯ್ದಳು, ಬಲಗಾಲು ಒತ್ತಿದಳು. ಹೊರಗಿನ ಗಾಲಿ ಕಣಿವೆಗೆ ಕಲ್ಲು ಉದುರಿಸಿತು. ಬಾಲ ಮೇಲೇಳಲಿಲ್ಲ. ಮೇಲೆ ನಿಂತು ಕಣ್ಣು ಮುಚ್ಚಿದ್ದ ಹುಲುಗಪ್ಪ ಕಣ್ಣು ತೆರೆದಾಗ, ಹಸಿರು ಕಾರು ತಿರುವಿನ ಆಚೆ ಧೂಳೆಬ್ಬಿಸುತ್ತಿತ್ತು.

ತಿಪ್ಪವ್ವ ಬದುಕಿದಳು. ಗಾಳೆಮ್ಮನೇ ಹಿಂದೆ ಹತ್ತಿ ಕೂತು ಕಾರಿನ ಸೊಂಟ ಅದುಮಿ ಹಿಡಿದಿದ್ದಳು ಅಂತಾರೆ. ಮೋನಮ್ಮ ಎರಡೂ ಕೈ ಬಿಟ್ಟು ಮುಗಿದಳು ಅಂತಲೂ ಅಂತಾರೆ.

ಮೂರನೇ ದಿನ ಹುಲುಗಪ್ಪ ಒಂದು ಕಲ್ಲನ್ನು ತಾನೇ ಹೊತ್ತು ತಂದು, ತಿರುವಿಗೆ ನೂರು ಹೆಜ್ಜೆ ಮೊದಲು, ದಾರಿ ನೆಟ್ಟಗಿರುವಲ್ಲಿ ನೆಟ್ಟ. ಕೆಳಬದಿಗೂ ಒಂದು ನೆಟ್ಟ. ನಿಧಾನ ಮಾಡುವುದು ಇಲ್ಲಿ, ಕೈ ಮುಗಿಯುವುದು ಇಲ್ಲಿ, ಆಮೇಲೆ ಕಾಲೆತ್ತದೆ ಹೋಗಬೇಕು ಎಂದ. ಯಾಕೆ ಎಂದವರಿಗೆ ಅಮ್ಮನ ಅಪ್ಪಣೆ ಎಂದ. ಮೋನಮ್ಮನ ಹೆಸರು ಎತ್ತಲಿಲ್ಲ. ಕೇಳಿ ಮೋನಮ್ಮ ಕುಲುಮೆಯ ತಿದಿ ಒತ್ತುತ್ತಲೇ ನಕ್ಕಳು ಅಂತಾರೆ.

ಕಾರು ಏನಾಯಿತೋ ಗೊತ್ತಿಲ್ಲ. ಕಲ್ಲುಗಳು ಇವೆ. ಪೂಜಾರಿ ಏನೇ ಹೇಳಲಿ, ಜನ ಅವನ್ನು ಮೋನಮ್ಮನ ಕಲ್ಲು ಎಂದೇ ಕರೆಯುತ್ತಾರೆ. ಮಹಾನವಮಿಗೆ ಬೇರೆ ಊರಿನವರು ಸ್ಟೇರಿಂಗಿಗೆ, ಗಾಲಿಗೆ ಕುಂಕುಮ ಹಚ್ಚುತ್ತಾರೆ. ಕಿಟ್ಟದಹಾಳದಲ್ಲಿ ಮಾತ್ರ ಮೊದಲ ಬೊಟ್ಟು ಆಕ್ಸಿಲರೇಟರ್‌ಗೆ. ಆ ದಿನ ಸಂಜೆ ನೋಡಿದರೆ ಅಲ್ಲಿಯ ಡ್ರೈವರುಗಳೆಲ್ಲರ ಬಲಗಾಲಿನ ಅಡಿ ಕೆಂಪಾಗಿರುತ್ತದೆ.