ಹತ್ತು ಗಂಟೆಯ ಹಾಜರಿ

ಪರ್ವತಜ್ಜನ ಮಠ ಎಂದರೆ ಹೊಳೆದಂಡೆಯ ಮೇಲೆ ಎರಡು ಅಂಕಣದ ಮಣ್ಣಿನ ಮನೆ, ಒಂದು ಬೇವಿನ ಮರ, ಬಟ್ಟೆ ಒಣಹಾಕಲು ಒಂದು ಹಗ್ಗ. ಅಷ್ಟೆ. ಅಜ್ಜನ ಹೆಸರಿಗೂ ಆಕಾರಕ್ಕೂ ಏನೇನೂ ಸಂಬಂಧವಿರಲಿಲ್ಲ. ಜೋರು ಗಾಳಿ ಬೀಸಿದರೆ ಯಾರಾದರೂ ಹಿಡಿದುಕೊಳ್ಳಬೇಕು, ಅಂಥ ಆಳು.

ಒಂದು ಬೇಸಿಗೆಯ ಮುಂಜಾನೆ ಸಿದ್ರಾಮಪ್ಪ ಮಾಸ್ತರರು ಅಲ್ಲಿಗೆ ಬಂದರು. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬಿಳಿ ಧೋತರ, ಬಗಲಲ್ಲಿ ಒಂದು ಚೀಲ.

“ನನ್ನ ಶಿಷ್ಯ ಅಂತ ಇಟ್ಕೋರಿ, ಅಜ್ಜಾರ,” ಎಂದರು.

“ಏನು ಕೆಲಸ ಬರತೈತಿ?”

“ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸೀನ್ರಿ. ಹೋದ ವರ್ಷ ಬಿಟ್ಟೆ.”

“ಹಂಗಾರ ನನಗೂ ಒಂದು ಮಾತು ಕಲಸ್ರಿ. ಸಣ್ಣದಿರಲಿ. ಹಲ್ಲಿಲ್ಲದ ಬಾಯಿ.”

ಮಾಸ್ತರರು ಯೋಚನೆಯನ್ನೇ ಮಾಡಲಿಲ್ಲ. “ಎಸ್,” ಎಂದರು.

ಅಜ್ಜ ತಾನೂ ಅಂದು ನೋಡಿದ. ಮಾತಿಗಿಂತ ಗಾಳಿಯೇ ಹೆಚ್ಚು ಬಂತು. “ಇದನ್ನ ಯಾವದಕ್ಕ ಬಳಸ್ತಾರ?”

“ಎಲ್ಲಾದಕ್ಕೂ ಬರತೈತ್ರಿ. ಹೆಸರು ಕೂಗಿದ್ರ ಎಸ್. ಕೆಲಸ ಹೇಳಿದ್ರ ಎಸ್. ತಿಳೀತೇನು ಅಂದ್ರ ಎಸ್.”

“ತಿಳೀದಿದ್ರ?”

“ಆವಾಗೂ ಎಸ್ ಅಂತಿದ್ರು.”

“ಒಲ್ಲೆ ಅನ್ನಾಕ ಏನಂತಾರ?”

“ಅದಕ್ಕೂ ಒಂದು ಮಾತೈತ್ರಿ. ಅದನ್ನ ನಾ ಅಷ್ಟು ಕಲಸ್ಲಿಲ್ಲ.”

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. “ಒಂದ ಮಾತಿನ್ಯಾಗ ಇಡೀ ಸಾಲಿ ನಡಸೀರಿ. ಭಾಳ ಶಾಣ್ಯಾ ಅದೀರಿ. ಕಸಬರಿಗಿ ಆ ಮೂಲ್ಯಾಗೈತಿ, ತಗೋರಿ.”

ಹೀಗೆ ಮಾಸ್ತರರು ಶಿಷ್ಯರಾದರು.

ಅವರ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅಂಗಳ ಗುಡಿಸಿದರೆ ಅಳತೆಪಟ್ಟಿ ಹಿಡಿದು ಗುಡಿಸಿದ ಹಾಗೆ. ಆದರೆ ದಿನಾ ಹತ್ತು ಗಂಟೆಗೆ ಸರಿಯಾಗಿ ಕಸಬರಿಗೆ ಕೆಳಗಿಟ್ಟು, ಚೀಲದಿಂದ ಒಂದು ಉದ್ದನೆಯ ಪುಸ್ತಕ ತೆಗೆದುಕೊಂಡು ಹೊಳೆಗೆ ಹೋಗುತ್ತಿದ್ದರು.

ಹತ್ತು ನಿಮಿಷಕ್ಕೆ ವಾಪಸು. ಕಣ್ಣು ಕೆಂಪಾಗಿರುತ್ತಿದ್ದವು, ಮುಖದಲ್ಲಿ ಮಾತ್ರ ಸಂತೋಷ. ಆ ಸಂತೋಷ ನೋಡಲು ಚೆನ್ನಾಗಿರುತ್ತಿರಲಿಲ್ಲ.

ಬಂದವರೇ ಒದ್ದೆ ಧೋತರ ಬಿಚ್ಚಿ ಹಗ್ಗಕ್ಕೆ ಹಾಕಿ, ಬೇರೆ ಉಟ್ಟುಕೊಂಡು ಮತ್ತೆ ಕಸಬರಿಗೆ ಹಿಡಿಯುತ್ತಿದ್ದರು.

ಒಂದು ದಿನ ಅಜ್ಜ ಹಗ್ಗದ ಮೇಲಿನ ಧೋತರವನ್ನು ಬಹಳ ಹೊತ್ತು ನೋಡಿದ.

“ಮಾಸ್ತರ, ಹೊಳ್ಯಾಗ ನೀರು ಏರಾಕತ್ತೇತೇನು?”

“ಇಲ್ರಿ. ಬ್ಯಾಸಗಿ. ದಿನಾ ಇಳ್ಯಾಕತ್ತೇತಿ.”

“ಹೌದಾ,” ಎಂದ ಅಜ್ಜ.

ಮರುದಿನ ಹತ್ತು ಗಂಟೆಗೆ ಅಜ್ಜನೂ ಕೋಲು ಹಿಡಿದು ಹಿಂದೆ ಹೋದ. ಮಾಸ್ತರರು ಬೇಡ ಅನ್ನಲಿಲ್ಲ.

ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆ ಅಲ್ಲಾಡದೆ ಮಲಗಿತ್ತು. ನಡುಹೊಳೆಯ ಬಂಡೆಯ ಮೇಲೆ ಎರಡು ಬೆಳ್ಳಕ್ಕಿ ನಿಂತಿದ್ದವು.

ಮಾಸ್ತರರು ಚಪ್ಪಲಿ ಬಿಟ್ಟು ನೀರಿಗೆ ಇಳಿದರು. ಪುಸ್ತಕ ತೆರೆದರು. ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು.

“ಯಂಕಪ್ಪ ಭೀಮಪ್ಪ ತಳವಾರ.”

ಕಾದರು. ಏನೂ ಇಲ್ಲ.

“ಕಸ್ತೂರೆವ್ವ ಶಿವಪ್ಪ ಕಂಬಾರ.”

ಏನೂ ಇಲ್ಲ.

ಹೀಗೆ ಹತ್ತು ಹೆಸರು ನೀರಿನ ಮೇಲೆ ಹೋದವು. ಒಂದಕ್ಕೂ ಜವಾಬು ಬರಲಿಲ್ಲ. ಬೆಳ್ಳಕ್ಕಿಗಳು ಕತ್ತು ಕೂಡ ತಿರುಗಿಸಲಿಲ್ಲ.

ಹನ್ನೊಂದನೆಯ ಹೆಸರಿಗೆ ಮಾಸ್ತರರ ದನಿ ಇಳಿಯಿತು.

“ರೇಣವ್ವ ಹನಮಪ್ಪ ಅಂಬಿಗೇರ.”

“ಎಸ್ ಸರ್.”

ಹುಡುಗಿಯ ದನಿ. ಕೊನೆಯ ಅಕ್ಷರ ಸ್ವಲ್ಪ ಎಳೆದು, ಬೆಂಚಿನಿಂದ ಅರ್ಧ ಎದ್ದು ಹೇಳುವ ಹಾಗೆ. ನೀರಿನ ಮೇಲಿಂದ ಬಂತು. ಅಲ್ಲಿ ನೀರು ಬಿಟ್ಟರೆ ಇನ್ನೇನೂ ಇರಲಿಲ್ಲ.

ಬೆಳ್ಳಕ್ಕಿಗಳು ಎದ್ದು ಹಾರಿದವು.

ಮಾಸ್ತರರು ಪುಸ್ತಕದಲ್ಲಿ ಒಂದು ಗುರುತು ಹಾಕಿ, ತಿರುಗಿ ನೋಡಿದರು. “ನಿಮಗೂ ಕೇಳ್ತೇನ್ರಿ, ಅಜ್ಜಾರ?”

ಅಜ್ಜ ನೀರಿನಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಹೆದರಿಕೆ ಗುರುಗಳಿಗೂ ಆಗುತ್ತದೆ. ಆಗುವುದಿಲ್ಲ ಎಂದು ಬರೆಯುವವರು ಗುರುಗಳನ್ನು ನೋಡಿರುವುದಿಲ್ಲ.

“ಕೇಳ್ತು,” ಎಂದ ಅಜ್ಜ.

ಮಾಸ್ತರರು ಮುಖ ಮುಚ್ಚಿಕೊಂಡು ಅತ್ತರು. ತಲೆ ಕೆಟ್ಟಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದ ಮನುಷ್ಯನಿಗೆ ಅಷ್ಟೇ ಸಾಕಾಗಿತ್ತು.

ಇಬ್ಬರೂ ದಂಡೆಯ ಮೇಲೆ ಕೂತರು.

“ಉಳದ ಹತ್ತು ಮಂದಿ ಯಾಕ ಓ ಅನ್ನಲಿಲ್ಲ?” ಅಜ್ಜ ಕೇಳಿದ.

“ಅವರು ಬದುಕ್ಯಾರ್ರಿ, ಅಜ್ಜಾರ.”

ಅಜ್ಜ ಕೋಲು ಪಕ್ಕಕ್ಕಿಟ್ಟ. “ಹೇಳ್ರಿ.”

“ಆಚಿ ದಂಡ್ಯಾಗ ನಮ್ಮ ಸಾಲಿ. ಹೋದ ವರ್ಷ ಹನ್ನೊಂದು ಮಕ್ಕಳನ್ನ ಪರೀಕ್ಷಾಕ್ಕ ಕರಕೊಂಡು ಹೊಂಟಿದ್ದೆ. ಹೊಳಿ ತುಂಬಿತ್ತು. ಅಂಬಿಗ ಎರಡು ಸಲ ದಾಟಸ್ತೀನಿ ಅಂದ. ಹೊತ್ತಾಗತೈತಿ, ಒಂದ ಸಲಕ್ಕ ನಡಿ ಅಂದೆ. ಎಲ್ಲಾರೂ ಹರಗೋಲಿನ್ಯಾಗ ಕುಂತ್ರು. ಹೋಗೂಣೇನು ಅಂದೆ. ಎಸ್ ಸರ್ ಅಂದ್ರು.”

“ರೇಣವ್ವನೂ?”

“ಆಕೀನೂ. ನಡುಹೊಳ್ಯಾಗ ಹರಗೋಲು ಮಗಚಿತು. ಹತ್ತು ಮಂದಿ ಸಿಕ್ರು.”

“ಆಕಿ ಅಂಬಿಗರ ಹುಡುಗಿ ಅಲ್ಲೇನು?”

“ಹೌದ್ರಿ. ಆ ಅಂಬಿಗನ ಮಗಳ.”

“ಈಜು ಬರತಿತ್ತೇನು?”

“ಮೀನಿನಂಗ ಈಜತಿದ್ಲು.”

“ಈಜು ಬರೂ ಹುಡುಗಿ ಹೆಂಗ ಮುಳಗಿದ್ಲು, ಮಾಸ್ತರ?”

ಮಾಸ್ತರರು ಅಜ್ಜನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

“ಆಕಿ ಹತ್ರ ಬರಾಕತ್ಯಾಳ್ರಿ. ಮದಲ ದಿನ ಆಚಿ ದಂಡಿಂದ ಓ ಅಂದ್ಲು. ಆಮ್ಯಾಲ ನಡುಹೊಳಿ ಬಂಡಿಗಲ್ಲ ಹತ್ರದಿಂದ. ಇವತ್ತ ಕೈ ಚಾಚಿದ್ರ ಸಿಗುವಷ್ಟು ಹತ್ರ. ಇನ್ನೊಂದೆರಡು ದಿನ. ಮ್ಯಾಲ ಬರತಾಳ.”

ಅಜ್ಜ ಎದ್ದ. “ಬರ್ರಿ,” ಎಂದು ಮಠಕ್ಕೆ ಕರೆದುಕೊಂಡು ಹೋಗಿ ಹಗ್ಗದ ಮುಂದೆ ನಿಲ್ಲಿಸಿದ.

ನಿನ್ನೆಯವರೆಗೆ ದಿನಾ ಉಟ್ಟು ನೀರಿಗಿಳಿದ ಧೋತರ ಅದು; ಇವತ್ತು ಇನ್ನೊಂದನ್ನು ಉಟ್ಟಿದ್ದರು. ಅಷ್ಟು ಅಚ್ಚುಕಟ್ಟಿನ ಮನುಷ್ಯ ಅದನ್ನು ಒಂದು ಸಲವೂ ಒಗೆದಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಕೆಸರಿನ ಗೆರೆಗಳು ಒಂದರ ಮೇಲೊಂದು ಒಣಗಿದ್ದವು.

ಅಜ್ಜ ಕೋಲಿನಿಂದ ಮುಟ್ಟಿ ತೋರಿಸಿದ. “ಇದು ನೀವು ಬಂದ ದಿನದ್ದು. ಹಿಮ್ಮಡ. ಇದು ಸೋಮಾರದ್ದು. ಮೊಣಕಾಲು. ಇದು ನಿನ್ನಿದು. ತೊಡಿ.”

ಆಮೇಲೆ ಕೋಲನ್ನು ಮಾಸ್ತರರು ಉಟ್ಟ ಒದ್ದೆ ಧೋತರಕ್ಕೆ ತಂದ. ನೀರು ಸೊಂಟಕ್ಕೆ ಬಂದಿತ್ತು.

“ಹೊಳಿ ಏರಿಲ್ಲ ಅಂದ್ರಿ. ಹುಡುಗಿ ಅಲ್ಲೇ ಅದಾಳ. ಹತ್ರ ಹೊಂಟವರು ನೀವು.”

ಮಾಸ್ತರರು ಬಗ್ಗಿ ತಮ್ಮ ಸೊಂಟ ನೋಡಿಕೊಂಡರು. ಯಾವಾಗ ಅಷ್ಟು ದೂರ ಹೋದೆ ಎಂಬುದು ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಆದರೆ ಮರುಗಳಿಗೆಗೆ ಅವರ ಮುಖ ಗಟ್ಟಿಯಾಯಿತು.

“ಹೋದ್ರ ಹೋಗ್ಲಿ ಬಿಡ್ರಿ. ನಾ ಇದ್ದು ಏನು ಮಾಡೂದೈತಿ? ಆಕಿ ಕಡೆ ಹೋಗಿ ಕುಂದ್ರತೀನಿ.”

“ನೀವು ಮುಳಗಿದ್ರ ಆಕೀಗೆ ಏನು ಸಿಕ್ಕಂಗಾತು?”

ಮಾಸ್ತರರು ಒದ್ದೆ ಧೋತರದ ಅಂಚು ಹಿಂಡಿದರು.

ಅಜ್ಜ ಬೇವಿನ ಕೆಳಗೆ ಕೂತು, ಬೇರೆ ಏನೋ ನೆನಪಾದವನ ಹಾಗೆ ಕೇಳಿದ. “ನಿಮ್ಮ ಸಾಲ್ಯಾಗ ಮಕ್ಕಳು ಮನೀಗೆ ಯಾವಾಗ ಹೋಗತಿದ್ವು?”

“ಗಂಟಿ ಆದಮ್ಯಾಲ.”

“ಗಂಟಿ ಬಾರಸಿದ್ದ ಓಡತಿದ್ವು?”

“ಎಲ್ಲಿ ಓಡ್ತಾರ್ರಿ?” ಮಾಸ್ತರರ ದನಿಯಲ್ಲಿ ಹಳೆಯ ಗತ್ತು ಒಂದಿಷ್ಟು ಬಂತು. “ಒಬ್ಬೊಬ್ಬರ ಎದ್ದು, ಕೈ ಎತ್ತಿ, ಮೇ ಐ ಗೋ ಸರ್ ಅಂತ ಅಪ್ಪಣಿ ಕೇಳಬೇಕು. ನಾ ಎಸ್ ಅಂದಮ್ಯಾಲ ಹೋಗಬೇಕು. ಮಳಿ ಬಂದ್ರೂ ಅಷ್ಟ, ಹೊಟ್ಟಿ ನೂಸಿದ್ರೂ ಅಷ್ಟ. ಎಸ್ ಅನ್ನೂಮಟ ಒಬ್ಬರೂ ಅಲಗಾಡತಿದ್ದಿಲ್ಲ.”

“ಅವರು ದಿನವೆಲ್ಲಾ ಅನ್ನೂ ಮಾತು ನೀವು ಸಂಜೀಕ ಒಂದ ಸಲ ಅಂತಿದ್ರಿ.”

“ಹೌದ್ರಿ.”

“ರೇಣವ್ವ ಆವತ್ತ ಏನರೆ ಕೇಳಿದ್ಲೇನು?”

ಬೇವಿನಿಂದ ಒಂದು ಹಣ್ಣೆಲೆ ಉದುರಿತು. ಮಾಸ್ತರರು ಅದು ನೆಲ ಮುಟ್ಟುವವರೆಗೆ ನೋಡಿದರು. ವರ್ಷವಿಡೀ ಯಾರಿಗೂ ಹೇಳದ ಮಾತು ಬಾಯಿಗೆ ಬಂದಾಗ ಅವರ ದನಿ ಯಾರದೋ ದನಿಯ ಹಾಗಿತ್ತು.

“ಹರಗೋಲು ಬಿಡೂ ಮುಂದ ಎದ್ದು ನಿಂತಳ್ರಿ. ಕೈ ಎತ್ತಿ ಮೇ ಐ ಗೋ ಸರ್ ಅಂದ್ಲು. ಹೊಳಿ ನೋಡಿ ಆಕೀಗೆ ತಿಳದಿತ್ತು. ಇಳೀಬೇಕಾಗಿತ್ತು. ಕುಂದ್ರು ಅಂದೆ. ಕುಂತ್ಲು. ಮತ್ತ ಎದ್ದು ಕೇಳಿದ್ಲು. ನಾ ಹೇಳೂಮಟ ಏಳಬ್ಯಾಡ ಅಂತ ಗದರಿಸಿದೆ. ಎಸ್ ಸರ್ ಅಂದ್ಲು.”

“ಮುಂದ?”

“ಮಗಚುವಾಗ ಎಲ್ಲಾರೂ ಎದ್ರು, ಚೀರಿದ್ರು, ಕೈಗೆ ಸಿಕ್ಕದ್ದನ್ನ ಹಿಡಕೊಂಡ್ರು. ಆಕಿ...”

“ಆಕಿ?”

“ಕುಂತ ಇದ್ಲು, ಅಜ್ಜಾರ. ನನ್ನ ಮಾರಿ ನೋಡ್ಕೋತ ಕುಂತ ಇದ್ಲು.”

ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಮರುದಿನ ಹತ್ತಕ್ಕೆ ಮಾಸ್ತರರು ಎದ್ದಾಗ ಅಜ್ಜ ಕೈ ನೀಡಿದ. “ಪುಸ್ತಕ ಇಲ್ಲಿ ಕೊಡ್ರಿ. ಬದುಕಿದವರ ಹೆಸರು ಇನ್ನ ಹೊಳೀಗೆ ಕೂಗಬ್ಯಾಡ್ರಿ. ಹೊಳಿ ಕೇಳಸ್ಕೋತೈತಿ.”

ದಿನಾ ಕೂಗಿದ ಆ ಹತ್ತು ಹೆಸರು, ಹತ್ತು ಮುಖ ಮಾಸ್ತರರ ಕಣ್ಣ ಮುಂದೆ ಬಂದವು. ಪುಸ್ತಕ ಕೊಟ್ಟರು.

“ಒಂದ ಹೆಸರು ಕೂಗ್ರಿ. ಆಕಿ ಕೇಳಿದ್ದಕ್ಕ ಜವಾಬು ಕೊಡ್ರಿ.”

“ಜವಾಬು ಕೊಟ್ರ ಹೋಗಿಬಿಡತಾಳ, ಅಜ್ಜಾರ. ನಾಳಿ ಹತ್ತು ಗಂಟೇಕ ನಾ ಏನು ಮಾಡ್ಲಿ?”

ಅಜ್ಜ ಒಣ ಧೋತರವೊಂದನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಅದೇ ಅವನ ಉತ್ತರ.

ಮಾಸ್ತರರು ನೀರಿಗಿಳಿದರು. ಈ ಸಲ ಎಲ್ಲಿ ನಿಂತಿದ್ದೇನೆಂದು ಅವರಿಗೆ ಗೊತ್ತಿತ್ತು. ಮೊಣಕಾಲು. ಸೊಂಟ. ಎದೆ. ಕಾಲಡಿಯ ಉಸುಕು ಜಾರುತ್ತಿತ್ತು. ಇನ್ನೊಂದು ಹೆಜ್ಜೆಯ ಆಚೆ ಮಡು.

“ರೇಣವ್ವ ಹನಮಪ್ಪ ಅಂಬಿಗೇರ.”

“ಎಸ್ ಸರ್.”

ಕಿವಿಯ ಪಕ್ಕದಲ್ಲೇ. ಒದ್ದೆ ಕೂದಲಿನ ವಾಸನೆ ಬಂತು. ಮಾಸ್ತರರು ತಿರುಗಲಿಲ್ಲ. ತಿರುಗಿದರೆ ನೋಡಬೇಕಾಗುತ್ತಿತ್ತು.

ಯಾವತ್ತೂ ಅವರು ಇಷ್ಟಕ್ಕೇ ಪುಸ್ತಕ ಮುಚ್ಚಿ ಹೋಗುತ್ತಿದ್ದರು. ಇವತ್ತು ಮುಚ್ಚಲು ಪುಸ್ತಕವಿರಲಿಲ್ಲ. ನಿಂತರು. ಹೊಳೆಯೂ ನಿಂತ ಹಾಗಿತ್ತು.

ಆಗ ಬಂತು. ತಗ್ಗಿದ ದನಿ, ಎರಡು ಸಲ ಗದರಿಸಿಕೊಂಡ ಹುಡುಗಿ ಮೂರನೆಯ ಸಲ ಕೇಳುವ ಹಾಗೆ.

“ಮೇ ಐ ಗೋ ಸರ್?”

ಮಾಸ್ತರರು ದಂಡೆಯ ಕಡೆ ನೋಡಿದರು. ಅಜ್ಜ ಇವರ ಕಡೆ ನೋಡುತ್ತಲೇ ಇರಲಿಲ್ಲ. ಚಪ್ಪಲಿಯೊಳಗಿನ ಉಸುಕು ಕೊಡವುತ್ತಿದ್ದ.

ಕುಂದ್ರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಒಂದು ವರ್ಷದ ಆಸೆ, ಎರಡೂ ಸೇರಿ ಅದನ್ನು ಹೊರಗೆ ನೂಕುತ್ತಿದ್ದವು. ಅಂದರೆ ಸಾಕು, ಅವಳು ಕೂತೇ ಇರುತ್ತಾಳೆ. ನಾಳೆಯೂ, ನಾಡಿದ್ದೂ.

ಮಾಸ್ತರರು ಅಳುತ್ತಾ ಬಾಯಿ ತೆರೆದರು.

“ಎಸ್.”

ಪಕ್ಕದ ನೀರು ಅಲುಗಿತು. ಆಮೇಲೆ ನೀರಿನ ಮೇಲೆ ಸಣ್ಣ ಸಣ್ಣ ಸುಳಿಗಳು, ಒಂದರ ಮುಂದೊಂದು, ಬೇಗ ಬೇಗ, ಆಚೆ ದಂಡೆಯ ಕಡೆಗೆ ಹೋದವು. ಶಾಲೆ ಬಿಟ್ಟಾಗ ಮಕ್ಕಳು ನಡೆಯುವುದಿಲ್ಲ, ಓಡುತ್ತವೆ. ಆಚೆ ದಂಡೆಯ ಒಣ ಉಸುಕಿನ ಮೇಲೆ ಅಷ್ಟುದ್ದಕ್ಕೂ ಒದ್ದೆಯ ಗುರುತು ಮೂಡಿತು, ಬಿಸಿಲಿಗೆ ಆರಿಹೋಯಿತು.

ಬೆಳ್ಳಕ್ಕಿಗಳು ಬಂಡೆಗೆ ವಾಪಸು ಬಂದವು.

“ರೇಣವ್ವ ಹನಮಪ್ಪ ಅಂಬಿಗೇರ,” ಮಾಸ್ತರರು ಮತ್ತೊಮ್ಮೆ ಕೂಗಿದರು. ಇದೇ ಮೊದಲ ಸಲ, ಆ ಹೆಸರಿಗೆ ಜವಾಬು ಬರಲಿಲ್ಲ.

ಅವರು ಅಲ್ಲೇ ನಿಂತರು. ಎದೆಮಟ್ಟದ ನೀರಿನಲ್ಲಿ, ಕೈಕಟ್ಟಿ, ತಲೆ ತಗ್ಗಿಸಿ. ಬಹಳ ಹೊತ್ತು ನಿಂತರು. ಕಾಲಡಿಯ ಉಸುಕು ಸ್ವಲ್ಪ ಸ್ವಲ್ಪವೇ ಮಡುವಿನ ಕಡೆಗೆ ಜಾರುತ್ತಿತ್ತು.

ದಂಡೆಯ ಮೇಲೆ ಅಜ್ಜ ಒಣ ಧೋತರವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದ.

“ಸಾಲಿ ಬಿಟ್ಟೇತ್ರಿ, ಮಾಸ್ತರ. ಇನ್ನ ನೀವು ಯಾರ ಅಪ್ಪಣಿಗೆ ನಿಂತೀರಿ?”