ಅಳಿವೆಯ ಆಳ

"ಗುರುಗಳೇ, ಆಚೆ ದಡದ ಮಠದವರು ಸ್ವಂತ ದೋಣಿ ಮಾಡಿಸಿದ್ದಾರೆ. ಹೆಬ್ಬಲಸಿನ ಮರದ್ದು, ಆರು ಮಾರು ಉದ್ದ. ನಾವು ಮಾತ್ರ ಇನ್ನೂ ಬಾಡಿಗೆ ದೋಣಿಗೆ ಕಾಯುತ್ತ ಕೂರಬೇಕೆ? ಬಾಡಿಗೆ ಮೇಲೋ, ಸ್ವಂತದ್ದು ಮೇಲೋ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. ಅಳೆದುಕೊಂಡೇ ಬಂದಿದ್ದೀಯ, ಹಾಗಾದರೆ ಅಳತೆಯವನ ಕತೆಯನ್ನೇ ಕೇಳು ಎಂದು ಶುರು ಮಾಡಿದರು.

ಒಬ್ಬ ರಾಜನ ಬಳಿ ಕಡಲನ್ನು ಅಳೆಯುವ ಅಧಿಕಾರಿಯಿದ್ದ. ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ತುದಿಗೆ ಸೀಸದ ಗುಂಡು ಕಟ್ಟಿ, ಗುಂಡಿನ ಅಡಿಗೆ ಮೇಣ ಮೆತ್ತಿ ನೀರಿಗೆ ಇಳಿಸುತ್ತಿದ್ದ. ಗಂಟು ಎಣಿಸಿದರೆ ಆಳ ತಿಳಿಯುತ್ತಿತ್ತು. ಮೇಣಕ್ಕೆ ಅಂಟಿ ಬಂದದ್ದು ಮರಳೋ ಕೆಸರೋ ನೋಡಿದರೆ ತಳ ಎಂಥದೆಂದು ತಿಳಿಯುತ್ತಿತ್ತು. ಆ ನಾಡಿನಲ್ಲಿ ನದಿ ಕಡಲು ಸೇರುವ ಅಳಿವೆಯ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತಿತ್ತು. ಮಳೆ ನಿಂತ ಮೇಲೆ ಅವನು ಅಳೆದು ದಾರಿ ತೋರಿಸದೆ ಒಂದು ದೋಣಿಯೂ ಮೀನಿಗೆ ಹೋಗುತ್ತಿರಲಿಲ್ಲ.

ಈ ಕೆಲಸಕ್ಕೆ ಅರಮನೆ ಒಬ್ಬ ವರ್ತಕನ ಹಡಗನ್ನು ಬಾಡಿಗೆಗೆ ಹಿಡಿಯುತ್ತಿತ್ತು. ವರ್ತಕ ಒಮ್ಮೊಮ್ಮೆ ತಡವಾಗಿ ಬರುತ್ತಿದ್ದ. ಅವನ ಹಡಗಿನಲ್ಲಿ ಕಾಳುಮೆಣಸಿನ ಘಾಟು ಹೋಗಿರುತ್ತಿರಲಿಲ್ಲ. ಅಧಿಕಾರಿ ಸೀನುತ್ತಲೇ ಅಳೆಯುತ್ತಿದ್ದ. ಅಳತೆ ಮಾತ್ರ ತಪ್ಪುತ್ತಿರಲಿಲ್ಲ.

ಹೀಗಿರಲು ಪಕ್ಕದ ರಾಜ್ಯದವರು ಅಳತೆಗೆಂದೇ ಹೊಸ ಹಡಗು ಕಟ್ಟಿಸಿದರು. ಅಲ್ಲಿನ ಅಧಿಕಾರಿ ಇವನ ಜೊತೆಯಲ್ಲೇ ಕೆಲಸ ಕಲಿತವನು. ಅವನು ಹಡಗಿನ ತುದಿಯಲ್ಲಿ ನಿಂತು ಕೈಬೀಸಿದ್ದನ್ನು ಕಂಡ ದಿನದಿಂದ ಇವನಿಗೆ ಅನ್ನ ಸೇರಲಿಲ್ಲ. ನೆಟ್ಟಗೆ ಒಂದು ಗಂಟು ಹಾಕಲು ಬಾರದವನಿಗೆ ಹಡಗೇ ಎಂದು ಕುದಿದ. ಹೊಟ್ಟೆಕಿಚ್ಚಿಗೆ ಬೇರೆ ಹೆಸರೇಕೆ, ಅದು ಹೊಟ್ಟೆಕಿಚ್ಚೇ. ಒಂದು ದಿನ ಅಳತೆಯ ಹಗ್ಗವನ್ನೇ ಹೆಗಲಿಗೆ ಹಾಕಿಕೊಂಡು, ಗೆಳೆಯನನ್ನು ಮಾತಾಡಿಸಲು ಹೋದವನಂತೆ ಹೋಗಿ, ಆ ಹಡಗಿನ ಉದ್ದ, ಅಗಲ, ಎತ್ತರವನ್ನೆಲ್ಲ ಅಳೆದುಕೊಂಡು ಬಂದ. ಬಂದವನೇ ರಾಜನ ಮುಂದೆ ನಿಂತು, ಅಳತೆಗೆ ನಮಗೂ ಸ್ವಂತ ಹಡಗು ಬೇಕು ಎಂದ.

"ವರ್ಷದಲ್ಲಿ ಅದಕ್ಕೆ ಕೆಲಸವೆಷ್ಟು? ಉಳಿದ ದಿನ ಅದನ್ನು ಸಾಕುವವರಾರು? ನಮ್ಮ ನೀರಿಗೆ ಎಂಥ ಹಡಗು ಹೊಂದುತ್ತದೆ?" ಎಂದು ರಾಜ ಕೇಳಿದ.

"ಪ್ರಭು, ಎಲ್ಲದರಲ್ಲೂ ಅವರದ್ದಕ್ಕಿಂತ ಒಂದು ಮಾರು ಹೆಚ್ಚಿರಲಿ" ಎಂದ ಅಧಿಕಾರಿ.

ರಾಜನಿಗೂ ಪಕ್ಕದ ರಾಜನೆಂದರೆ ಅಷ್ಟಕ್ಕಷ್ಟೆ. ಅವನು ಮತ್ತೆ ಕೇಳಲಿಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ, ನದಿಯ ದಡದಲ್ಲಿ ಹಡಗು ಎದ್ದಿತು.

ಮಳೆ ನಿಂತಿತು. ಆ ವರ್ಷ ವರ್ತಕ ಹೊತ್ತಿಗೆ ಸರಿಯಾಗಿ ಬಂದ. ಅಧಿಕಾರಿ ಅವನನ್ನು ಬಾಗಿಲಿನಿಂದಲೇ ಕಳಿಸಿದ. ಇನ್ನು ಅಳೆಯುವುದಿದ್ದರೆ ಸ್ವಂತ ಹಡಗಿನಲ್ಲೇ ಎಂದ. ದೋಣಿಗಳು ದಡದಲ್ಲಿ ಕಾದವು.

ಹೊಸ ಹಡಗು ಹೊರಡುವ ದಿನ ಅದನ್ನು ನೋಡಲೆಂದೇ ಪಕ್ಕದ ರಾಜ್ಯದ ಅಧಿಕಾರಿಯನ್ನು ಕರೆಸಿದ್ದರು. ಅವನ ಕಣ್ಣೆದುರಿಗೇ, ಆ ವರ್ಷ ಯಾರೂ ಅಳೆಯದ ಅಳಿವೆಯ ಮರಳಿನಲ್ಲಿ ಹಡಗು ಹೂತು ನಿಂತಿತು. ಪಕ್ಕದ ರಾಜ್ಯದವರ ಅಳಿವೆ ಆಳದ್ದು, ಅವರ ಹಡಗು ಅದಕ್ಕೆ ತಕ್ಕದ್ದು. ಇದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಊರಿನ ದೋಣಿಗಳೆಲ್ಲ ಅದರ ಹಿಂದೆ ಸಿಕ್ಕಿಕೊಂಡವು. ಆ ವರ್ಷ ಬೆಸ್ತರ ಮನೆಗಳಲ್ಲಿ ಗಂಜಿಗೂ ಗತಿಯಿರಲಿಲ್ಲ. ಅಧಿಕಾರಿ ಹಡಗಿನ ಅಂಚಿಗೆ ಬಂದು ಹಗ್ಗ ಇಳಿಸಿದ. ಎರಡನೆಯ ಗಂಟು ನೆನೆಯಲಿಲ್ಲ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು. ಹಾಗಾದರೆ ಬಾಡಿಗೆಯೇ ಮೇಲು ಅನ್ನಿ ಎಂದ ಶಿಷ್ಯ, ಸ್ವಲ್ಪ ಮುನಿಸಿನಿಂದ.

"ನಾನೆಲ್ಲಿ ಹಾಗಂದೆ? ಆಚೆ ಮಠದ ದೋಣಿ ಆರು ಮಾರು ಉದ್ದ ಅಂದೆಯಲ್ಲ, ನಮ್ಮ ಹೊಳೆ ಎಷ್ಟು ಮಾರು ಆಳ?"