ಏರಿಯ ಹೊಟ್ಟೆಯ ಹಳದಿ ಮಣ್ಣು

"ಉರಿಯುತ್ತಿರುವುದು ಮೇದೋಜೀರಕ ಗ್ರಂಥಿ. ಕರುಳಿನ ಸುದ್ದಿಯನ್ನು ರಕ್ತದಲ್ಲಿ ಏಕೆ ಹುಡುಕಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ತಾರಾನಾಥ ಹೊಸದಾಗಿ ವಾರ್ಡಿಗೆ ಬಂದ ವೈದ್ಯ. ಅವನ ರೋಗಿ ಸಾಂಬಯ್ಯ ಎಂಬ ನೇಕಾರ, ಮೇದೋಜೀರಕದ ಉರಿಯೂತದಿಂದ ಬದುಕುವುದು ಕಷ್ಟ ಎನ್ನುವ ಸ್ಥಿತಿಯಲ್ಲಿದ್ದ. ಕರುಳಿನ ಒಳಪದರದ ಜೀವಕೋಶಗಳಲ್ಲಿ ಮಾತ್ರ ಇರಬೇಕಾದ ಒಂದು ಪ್ರೋಟೀನು ಅವನ ರಕ್ತದಲ್ಲಿ ಏರುತ್ತಿತ್ತು. ಅದನ್ನು ನೋಡಿದ ಗುರುಗಳು, ಕರುಳಿನ ಒಳಪದರ ಸವೆಯುತ್ತಿದೆ, ಆಹಾರ ತಾಗಿದರೆ ಅದು ಉಳಿಯುತ್ತದೆ, ಮೂಗಿನ ನಳಿಕೆಯಿಂದ ಇವತ್ತೇ ಕರುಳಿಗೆ ತುಸುತುಸು ಆಹಾರ ಕೊಡಿ ಎಂದಿದ್ದರು. ತಾರಾನಾಥನಿಗೆ ಒಪ್ಪಿಗೆಯಾಗಿರಲಿಲ್ಲ. ಸ್ಕ್ಯಾನಿನಲ್ಲಿ ಕರುಳು ನೆಟ್ಟಗೇ ಕಂಡಿತ್ತು. ಅದರ ತಂಟೆಗೆ ಹೋಗದೆ ಖಾಲಿ ಬಿಡೋಣ ಎಂದು ಅವನ ವಾದ.

ಗುರುಗಳಿಗೆ ವಾದವೆಂದರೆ ಆಗದು. ಕತೆ ಹೇಳಿದರು.

ಒಂದು ಊರಿಗೆ ಒಂದು ಕೆರೆ. ಊರೆಲ್ಲ ಕಪ್ಪು ಮಣ್ಣಿನ ನೆಲ. ಕೆರೆ ಕಟ್ಟಿದವರು ದೂರದಿಂದ ಹಳದಿ ಜೇಡಿಮಣ್ಣು ಹೊತ್ತು ತಂದು ಏರಿಯ ಹೊಟ್ಟೆಯೊಳಗೆ ತುಂಬಿದ್ದರು. ಆ ಮಣ್ಣು ಊರಿನಲ್ಲಿ ಬೇರೆಲ್ಲೂ ಇರಲಿಲ್ಲ.

ಒಂದು ಮಳೆಗಾಲ ಕೆರೆ ತುಂಬಿ, ಹೆಚ್ಚಿನ ನೀರು ಹರಿದುಹೋಗುವ ಕೋಡಿ ಕುಸಿಯತೊಡಗಿತು. ಊರಿನವರೆಲ್ಲ ಅಲ್ಲಿಗೆ ಓಡಿದರು. ಒಬ್ಬ ರೈತನ ಹೆಂಡತಿ ಮಾತ್ರ ಏರಿಯ ಕೆಳಗಿದ್ದ ತನ್ನ ಗದ್ದೆಗೆ ಹೋದಳು. ಏರಿಯ ಬುಡದಲ್ಲಿ ಎಂದಿನಂತೆ ನೀರು ಒಸರುತ್ತಿತ್ತು. ಚೊಂಬಿನಲ್ಲಿ ಹಿಡಿದು ತಿಳಿಯಾಗಲು ಬಿಟ್ಟಳು. ತಳದಲ್ಲಿ ಹಳದಿ ಮಣ್ಣು ಕೂತಿತ್ತು.

ಚೊಂಬು ಹಿಡಿದು ಕೋಡಿಗೆ ಹೋದಳು. ಊರ ಗೌಡ ಅವಳ ಗಂಡನ ಅಣ್ಣ. ಅವನು ಏರಿಯ ಮೇಲೆ ನಡೆದು, ಕಾಲಿನಿಂದ ಒದ್ದು ನೋಡಿದ. ಒಂದು ಬಿರುಕೂ ಇರಲಿಲ್ಲ.

"ಏರಿ ಕಲ್ಲಿದ್ದಂಗೈತೆ ಕಣಮ್ಮ. ಇಲ್ಲಿ ಕೋಡಿ ಹೋಗ್ತಾ ಐತೆ, ನೀನು ಚೊಂಬಿನ ಕೆಸರು ತೋರುಸ್ತೀಯಲ್ಲ" ಎಂದ.

"ಇದು ನನ್ನ ಗದ್ದೆ ಮಣ್ಣಲ್ಲ ಭಾವ. ಏರಿ ಒಳಗಿಂದು" ಎಂದಳು ಅವಳು.

ಗೌಡ ಕೋಡಿಯ ಕಡೆಗೆ ತಿರುಗಿದ. ಅವಳ ಗಂಡ ಬಂದು, ಒಸರುವ ಬಾಯಿಗೆ ಗದ್ದೆಯ ಕಪ್ಪು ಮಣ್ಣು ಮೆತ್ತಿದ. ನೀರು ನಿಂತಿತು. ಇನ್ನು ಕೆಸರಿನ ಮಾತೇ ಇಲ್ಲ ಎಂದು ಕೈ ತೊಳೆದುಕೊಂಡ. ಅವಳಿಗೆ ಸಿಟ್ಟು ಬಂತು. ಒಳಗೆ ಕೊರೆಯುವ ನೀರು ಬಾಯಿ ಮುಚ್ಚಿದರೆ ಬೇರೆ ದಾರಿ ಹುಡುಕುತ್ತದೆ ಎಂದು ಮೆತ್ತಿದ ಮಣ್ಣನ್ನು ಕಿತ್ತೆಸೆದಳು. ಹಳ್ಳದಿಂದ ಮರಳು ಹೊತ್ತು ತಂದು ಏರಿಯ ಬುಡಕ್ಕೆ ಸುರಿದಳು, ಅದರ ಮೇಲೆ ಗರಸು ಕಲ್ಲು ಸುರಿದಳು. ಊರು ನಕ್ಕಿತು. ಅವಳು ಬುಟ್ಟಿ ಕೆಳಗಿಡಲಿಲ್ಲ. ಕೊನೆಗೆ ಗಂಡನೂ ನಾಚಿ ಬುಟ್ಟಿ ಹಿಡಿದ.

ಮರಳು ನೀರನ್ನು ಬಿಟ್ಟಿತು, ಮಣ್ಣನ್ನು ತಡೆಯಿತು. ಅವಳು ಮತ್ತೆ ಮತ್ತೆ ಚೊಂಬು ಹಿಡಿದು ನೋಡಿದಳು. ಸಂಜೆಯ ಹೊತ್ತಿಗೆ ತಳದಲ್ಲಿ ಏನೂ ಕೂರಲಿಲ್ಲ. ಕೋಡಿ ಅರ್ಧ ಕೊಚ್ಚಿಹೋಯಿತು. ಏರಿ ನಿಂತಿತು, ಊರು ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ತಾರಾನಾಥ ಇನ್ನೂ ಸೋಲಲಿಲ್ಲ. ಸಾಂಬಯ್ಯನ ಹೊಟ್ಟೆ ಮೆತ್ತಗೇ ಇದೆ, ಕರುಳು ಕೆಟ್ಟದ್ದು ಕಣ್ಣಿಗೆ ಕಂಡ ಮೇಲೆ ನೋಡಿದರಾಗದೇ ಎಂದು ಕೇಳಿದ.

ಗುರುಗಳು ನಳಿಕೆಯನ್ನು ಅವನ ಕೈಗೆ ಕೊಟ್ಟರು.

"ಏರಿ ಒಡೆದ ಮೇಲೆ ನೀರಿನ ಬಣ್ಣವನ್ನು ಗೌಡನೂ ಹೇಳುತ್ತಿದ್ದನಪ್ಪ."